ಕಾರ್ತಿಕದ ಕಡೆಯಲ್ಲೊಂದು ನಡಿಗೆ

ವಸಂತವನ್ನು ಹೊಗಳದ ಕವಿಯಿಲ್ಲ. ಮುಂಗಾರಿನ ಮೊದಲ ಹನಿಗೆ ಹಿಗ್ಗದ ಒಕ್ಕಲಿಗನಿಲ್ಲ. ಶ್ರಾವಣದ ಹಸುರಿಗೂ ಆಶ್ವಯುಜದ ಬೆಳುದಿಂಗಳಿಗೂ ಮನಸೋಲದ ಗೃಹಸ್ಥನಿಲ್ಲ. ಆದರೆ ದೀಪಾವಳಿಯ ಸಡಗರ ಅಡಗಿ, ಉತ್ಥಾನದ್ವಾದಶಿಯ ತುಳಸೀಪೂಜೆಯೂ ಮುಗಿದು, ಹೇಮಂತವು ಇನ್ನೂ ಬಾಗಿಲಿಗೆ ಬಾರದೆ ಇರುವ ಆ ಹದಿನೈದು ಇಪ್ಪತ್ತು ದಿನಗಳನ್ನು ಯಾರು ತಾನೆ ನೆನೆಯುವರು? ಕಾರ್ತಿಕ ಸೋಮವಾರಗಳಲ್ಲಿ ಶಿವಾಲಯಕ್ಕೆ ಹೋಗಿ ದೀಪ ಹಚ್ಚಿ ಬರುವವರುಂಟು. ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಗೆ ಜನ ಕಿಕ್ಕಿರಿದು ಸೇರುವುದುಂಟು. ಹೊಲದ ಬದುವಿಗೋ ಗುಡ್ಡದ ಹಾದಿಗೋ ಹೋಗಿ, ಈ ಕಾಲದಲ್ಲಿ ನೆಲವು ಹೇಗಿದೆ ಎಂದು ನೋಡಿ ಬರುವವರು ಮಾತ್ರ ಅಪರೂಪ. ಮಳೆ ಹಿಂದೆ ಸರಿದಿರುವುದು, ಹಸುರು ಮಾಸಿರುವುದು, ಹೂವಿನ ಕಾಲ ಕಳೆದಿರುವುದು. ಇನ್ನು ನೋಡುವುದಕ್ಕೇನಿದೆ ಎಂಬುದೇ ಸಾಮಾನ್ಯವಾದ ಮಾತು.

ಚಳಿನಾಡುಗಳ ಪುಸ್ತಕಗಳನ್ನು ಓದಿದವರಿಗೆ ಶರತ್ಕಾಲದ ಕೊನೆ ಎಂದರೆ ಕೆಂಪಾಗಿ ಹೊಂಬಣ್ಣವಾಗಿ ಉದುರುವ ಎಲೆಗಳ ನೆನಪಾಗುವುದು. ನಮ್ಮ ಬಯಲುಸೀಮೆಯಲ್ಲಿ ಮರಗಳು ಚಳಿಗೆ ಹೆದರಿ ಎಲೆಯುದುರಿಸುವುದಿಲ್ಲ. ನೀರಿನ ಅಭಾವಕ್ಕೆ ಅಂಜಿ, ಪುಷ್ಯ ಮಾಘಗಳಲ್ಲಿ ಆರಂಭಿಸಿ ಫಾಲ್ಗುನದ ಹೊತ್ತಿಗೆ ಬರಿದಾಗುವುವು. ಕಾರ್ತಿಕದಲ್ಲಿ ಮರಗಳ ಮೇಲೆ ಎಲೆ ಇನ್ನೂ ಇರುವುದು. ಒಣಗುವುದು ಹುಲ್ಲು; ಸಿಡಿಯುವುದು ಕಾಯಿ; ಹೊರಡುವುದು ಬೀಜ. ಈ ಚಳಿಗಾಲಕ್ಕೆ ನಮ್ಮ ಜನ ಮಾಗಿ ಎಂಬ ಹೆಸರಿಟ್ಟಿರುವರು. ಆ ಮಾತನ್ನು ಕೇಳಿದಾಗಲೆಲ್ಲ ಹಣ್ಣು ಮಾಗುವುದೂ ನಮಗೆ ನೆನಪಾಗುವುದು. ಶಬ್ದಗಳ ಮೂಲ ಬೇರೆ ಬೇರೆ ಇರಬಹುದು. ಕಿವಿಗೆ ಅವು ಒಂದಾಗಿ ಕೇಳಿದರೆ ನಷ್ಟವೇನಿಲ್ಲ.

ಕಳೆದ ಕಾರ್ತಿಕದ ಬಹುಳದಲ್ಲಿ ನಾವು ಇಂಥ ಒಂದು ನಡಿಗೆಗೆ ಹೊರಟುದಕ್ಕೆ ಪ್ರಕೃತಿಪ್ರೇಮಕ್ಕಿಂತ ಬೇರೆಯಾದ ಕಾರಣವೊಂದಿತ್ತು. ಅದನ್ನು ಮೊದಲು ಹೇಳಬೇಕು.

ನಮ್ಮ ಅಕ್ಕ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಅವಳ ಎರಡು ಕಣ್ಣಿಗೂ ಪೊರೆ ಬಂದು ಕೆಲವು ವರ್ಷಗಳಾಗಿದ್ದವು. ಓದು ಕಷ್ಟವಾದಾಗ ನಮ್ಮ ಭಾವನವರು ಆ ಕೆಲಸವನ್ನು ತಾವು ವಹಿಸಿಕೊಂಡರು. ಸಂಜೆ ದೀಪ ಹಚ್ಚಿದ ಮೇಲೆ ದಿನಪತ್ರಿಕೆಯನ್ನೋ ಮಾಸಪತ್ರಿಕೆಯನ್ನೋ ಕೈಗೆ ತೆಗೆದುಕೊಂಡು, ಒಂದೊಂದೇ ಪುಟವನ್ನು ಗಟ್ಟಿಯಾಗಿ ಓದುವರು. ಅಕ್ಕ ಬತ್ತಿ ಹೊಸೆಯುತ್ತಲೋ ಅವರೆಕಾಯಿ ಬಿಡಿಸುತ್ತಲೋ ಕೇಳುವಳು; ನಡುನಡುವೆ ಅವರ ಉಚ್ಚಾರಣೆಯನ್ನು ತಿದ್ದುವಳು. ಹೋದ ಫಾಲ್ಗುನದಲ್ಲಿ ಭಾವನವರು ತೀರಿಕೊಂಡರು. ಅಕ್ಕನನ್ನು ನಾವು ತುಮಕೂರಿಗೆ, ನಮ್ಮ ಮನೆಗೆ ಕರೆತಂದೆವು.

ಅವಳು ಅತ್ತುಕೊಂಡು ಕೂತಿರಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಾಗಿತ್ತು. ಬೆಳಗ್ಗೆ ಎದ್ದು ಸ್ನಾನ ಮಾಡಿ, ಹಜಾರದ ಮೂಲೆಯ ಕುರ್ಚಿಯಲ್ಲಿ ಕುಳಿತುಬಿಡುವಳು. ನಮ್ಮ ಮನೆಯವರು ಪತ್ರಿಕೆ ಓದಲು ಹೋದರೆ, "ಬೇಡಮ್ಮ, ನಿನಗೆ ಕೆಲಸವಿದೆ" ಎನ್ನುವಳು. ಕಣ್ಣಿನ ವೈದ್ಯರು ಎರಡು ಸಲ ಪರೀಕ್ಷಿಸಿ, ಪೊರೆಯನ್ನು ತೆಗೆಸುವುದು ಈಗ ಸುಲಭವೆಂದೂ, ಮಸೂರ ಕೂಡಿಸಿ ಅದೇ ದಿನ ಮನೆಗೆ ಕಳುಹಿಸುವೆವೆಂದೂ, ತೀರ ಬಲಿಯಲು ಬಿಟ್ಟರೆ ತೊಡಕಾಗಬಹುದೆಂದೂ ಹೇಳಿದ್ದರು. ಅಕ್ಕ ಒಪ್ಪಲಿಲ್ಲ. "ನನ್ನದೆಲ್ಲ ಆಯಿತು. ಇನ್ನು ಏನು ನೋಡಬೇಕಾಗಿದೆ?" ಎಂಬುದೊಂದೇ ಉತ್ತರ. ಒಂದು ರಾತ್ರಿ ನಾವು ಬಹಳ ಒತ್ತಾಯಪಡಿಸಿದಾಗ ಅವಳು ಮೆಲ್ಲಗೆ ಹೇಳಿದಳು: "ಕಣ್ಣು ಮಸುಕಾಯಿತೆಂದು ತಾನೆ ಅವರು ಓದಿದ್ದು? ಕಣ್ಣು ಬಂದರೆ ಆ ದನಿಗೆ ಇಲ್ಲಿ ಕೆಲಸವಿಲ್ಲದ ಹಾಗಾಗುತ್ತದೆ ಕಣೋ." ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಹೀಗಿರುವಾಗ ನಮ್ಮ ಮೊಮ್ಮಗಳು ಒಂಬತ್ತು ವರ್ಷದವಳು, ರಜೆಗೆ ಬಂದವಳು, ದೇವರಾಯನದುರ್ಗವನ್ನು ನೋಡಬೇಕೆಂದು ಹಟ ಹಿಡಿದಳು. ದೊಡ್ಡಜ್ಜಿ ಬಾರದಿದ್ದರೆ ತಾನೂ ಹೋಗುವುದಿಲ್ಲವೆಂಬುದು ಅವಳ ಹಟದ ಎರಡನೆಯ ಭಾಗ. ಮಕ್ಕಳ ಮಾತನ್ನು ತೆಗೆದುಹಾಕುವ ಅಭ್ಯಾಸ ಅಕ್ಕನಿಗಿಲ್ಲ. ಒಂದು ಭಾನುವಾರ ಬೆಳಗಿನ ಜಾವಕ್ಕೆ ನಾವು ನಾಲ್ವರೂ ಕಾರಿನಲ್ಲಿ ಹೊರಟೆವು.

ತುಮಕೂರಿನಿಂದ ದುರ್ಗಕ್ಕೆ ಸುಮಾರು ಹದಿನೈದು ಕಿಲೋಮೀಟರು. ಊರು ದಾಟಿದೊಡನೆ ರಾಗಿಯ ಹೊಲಗಳು ಆರಂಭವಾದವು. ತೆನೆಗಳು ಕಂದುಬಣ್ಣಕ್ಕೆ ತಿರುಗಿ, ಮುಷ್ಟಿ ಹಿಡಿದಂತೆ ಬಾಗಿದ್ದವು. ನಡುನಡುವೆ ಅಕ್ಕಡಿಯ ಸಾಲುಗಳಲ್ಲಿ ಹುಚ್ಚೆಳ್ಳಿನ ಕಡೆಯ ಹೂಗಳೂ ಅವರೆಯ ಬಿಳಿಯ ಗೊಂಚಲುಗಳೂ ಇಣಿಕುತ್ತಿದ್ದವು. ಕೆಲವು ಕಡೆ ಕಟಾವು ಮುಗಿದು, ಕಣವನ್ನು ಸಗಣಿಯಿಂದ ಸಾರಿಸುತ್ತಿದ್ದರು. ಅಕ್ಕ ಕಿಟಕಿಯ ಕಡೆಗೆ ಮುಖ ಮಾಡಿದ್ದರೂ ಏನನ್ನೂ ಕೇಳಲಿಲ್ಲ. ಅವಳ ಕಣ್ಣಿಗೆ ಎಲ್ಲವೂ ಒಂದು ಹಳದಿಯ ಮಂಜಾಗಿ ಕಾಣುತ್ತಿತ್ತೆಂದು ಮುಂದೆ ಅವಳೇ ಹೇಳಿದಳು.

ದೇವರಾಯನದುರ್ಗವು ಸುಮಾರು 3,900 ಅಡಿ ಎತ್ತರದ ಕಲ್ಲುಬೆಟ್ಟ. ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ ಈ ಹೆಸರು ಬಂದುದು; ಪುರಾಣದಲ್ಲಿ ಇದೇ ಕರಿಗಿರಿ. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಬೇಸಗೆಯಲ್ಲಿ ನೋಡಿದವರು ಇದನ್ನು ಬರಿಯ ಬಂಡೆಯೆಂದಾರು. ಆದರೆ ಈ ಗುಡ್ಡಗಳಲ್ಲಿ ಎರಡು ನದಿಗಳು ಹುಟ್ಟುವುವು. ಜಯಮಂಗಲಿ ಉತ್ತರಕ್ಕೆ ಹರಿದು ಪೆನ್ನೆಯನ್ನು ಕೂಡುವುದು. ಶಿಂಷೆ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಕೂಡುವುದು. ಬೆಟ್ಟದ ದಾರಿಯಲ್ಲೇ ನಾಮದ ಚಿಲುಮೆ. ಶ್ರೀರಾಮನು ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಬಿಟ್ಟನೆಂದೂ, ಬಂಡೆಯಲ್ಲಿ ಬಾಣ ಕೊರೆದ ಕುಳಿಯೇ ಈ ಚಿಲುಮೆಯೆಂದೂ ಹೇಳುವರು. ಅಂಗೈಯಗಲದ ಆ ಕುಳಿಯ ನೀರನ್ನು ಕಣ್ಣಿಗೊತ್ತಿಕೊಂಡು, ನಾವು ಅಲ್ಲಿಂದ ಕಾಡಿನಂಚಿನ ಸಮವಾದ ಹಾದಿಯಲ್ಲಿ ನಿಧಾನವಾಗಿ ನಡೆಯತೊಡಗಿದೆವು. ಅಕ್ಕನ ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈಯನ್ನು ಮೊಮ್ಮಗಳು ಹಿಡಿದಿದ್ದಳು.

ಸೂರ್ಯ ಇನ್ನೂ ಗುಡ್ಡದ ಮರೆಯಲ್ಲಿದ್ದ. ಹಾದಿಯ ಎರಡು ಕಡೆಯೂ ಸೊಂಟದೆತ್ತರದ ಹುಲ್ಲು ಒಣಗಿ ನಿಂತಿತ್ತು. ಮಗು ಒಮ್ಮೆಲೇ ಕೂಗಿದಳು. ಹುಲ್ಲಿನ ಮೇಲೆಲ್ಲ ಯಾರೋ ಒಗೆದ ಮಲ್ಲುಬಟ್ಟೆಯ ಚೂರುಗಳನ್ನು ಹರವಿಟ್ಟಂತೆ ಜೇಡರ ಬಲೆಗಳು! ಒಂದೊಂದು ಎಳೆಯಲ್ಲಿಯೂ ಇಬ್ಬನಿ ಹನಿಗಟ್ಟಿತ್ತು. ಎರಡು ಕಂಟಿಗಳ ನಡುವೆ ಕಟ್ಟಿದ ದುಂಡನೆಯ ದೊಡ್ಡದೊಂದು ಬಲೆಯ ನಡುವೆ, ಬಿಳಿಯ ನೂಲಿನಿಂದ ಗುಣಿಸು ಚಿಹ್ನೆಯಂತೆ ಗುರುತು ಹಾಕಿ, ಅದರ ಮೇಲೆ ಎರಡೆರಡು ಕಾಲುಗಳನ್ನು ಜೋಡಿಸಿ ಜೇಡವು ತಲೆಕೆಳಗಾಗಿ ಕುಳಿತಿತ್ತು. ಇವು ನೆನ್ನೆಯೂ ಇದ್ದವು, ನಾಳೆಯೂ ಇರುವುವು. ಇಬ್ಬನಿಯಿಲ್ಲದ ಹೊತ್ತಿನಲ್ಲಿ ಕಾಣಿಸವು, ಅಷ್ಟೆ. ಇಬ್ಬನಿಯು ಮಳೆಯಂತೆ ಮೇಲಿನಿಂದ ಬೀಳುವುದೆಂದು ಬಹುಕಾಲ ಜನ ನಂಬಿದ್ದರು. ವಿಲಿಯಂ ವೆಲ್ಸ್ ಎಂಬ ಲಂಡನ್ನಿನ ವೈದ್ಯನು 1814ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಮರ್ಮವನ್ನು ಬಿಡಿಸಿ ತೋರಿಸಿದನು. ಮೋಡವಿಲ್ಲದ ರಾತ್ರಿಯಲ್ಲಿ ಹುಲ್ಲೂ ಎಲೆಯೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲ ಗಾಳಿಗಿಂತ ತಣ್ಣಗಾಗುವುವು. ಆಗ ಗಾಳಿಯಲ್ಲಿರುವ ತೇವವು ಅವುಗಳ ಮೇಲೆ ಹನಿಗೂಡುವುದು. ಮಳೆಯ ತೇವ ನೆಲದಲ್ಲಿ ಇನ್ನೂ ಉಳಿದಿದ್ದು ಆಕಾಶ ಮಾತ್ರ ತಿಳಿಯಾಗಿರುವ ಕಾರ್ತಿಕದ ಕಡೆಗೆ ಇದಕ್ಕಿಂತ ಹದವಾದ ಕಾಲ ಬೇರೆಯಿಲ್ಲ.

"ಅಜ್ಜಿ, ಕಾಣಿಸಿತೇ?" ಎಂದಳು ಮಗು. ಅಕ್ಕ ಕಣ್ಣು ಕಿರಿದು ಮಾಡಿ ನೋಡಿ, ಇಲ್ಲವೆಂದು ತಲೆಯಾಡಿಸಿದಳು. ನಮ್ಮ ಮನೆಯವರು ನಮ್ಮ ಮುಖವನ್ನು ನೋಡಿದರು. ಕರೆತಂದುದು ಹಿತವೋ ಹಿಂಸೆಯೋ ಎಂಬ ಸಂಶಯ ಇಬ್ಬರಿಗೂ ಬಂದಿತ್ತು.

ಇನ್ನಷ್ಟು ದೂರ ನಡೆಯುವಷ್ಟರಲ್ಲಿ ಅಕ್ಕನ ಸೀರೆಯ ಅಂಚು ಭಾರವಾಯಿತು. ಉತ್ತರಾಣಿಯ ಕಾಳುಗಳೂ ಚೂಪಾದ ಹುಲ್ಲಿನ ಬೀಜಗಳೂ ಸೂಜಿಯಂತೆ ಚುಚ್ಚಿಕೊಂಡಿದ್ದವು. ಅವಳು ಒಂದು ಕಲ್ಲಿನ ಮೇಲೆ ಕುಳಿತು, ಬೆರಳಿನಿಂದಲೇ ತಡವಿ ಅವನ್ನು ಕೀಳತೊಡಗಿದಳು. ಒಂದನ್ನು ಕಿತ್ತವಳು ತಟಕ್ಕನೆ ನಿಲ್ಲಿಸಿ, ಅದರ ಉದ್ದವಾದ ಕಪ್ಪು ಬಾಲವನ್ನು ಬೆರಳಿನ ತುದಿಯಿಂದ ಸವರಿದಳು.

"ಎಲ್ಲಿ, ಅಂಗೈ ಕೊಡು" ಎಂದಳು ಮಗುವಿಗೆ.

ಬೀಜವನ್ನು ಮಗುವಿನ ಅಂಗೈಯಲ್ಲಿಟ್ಟು, ಪಕ್ಕದ ಹುಲ್ಲನ್ನು ಸವರಿ ಒದ್ದೆ ಮಾಡಿಕೊಂಡ ಬೆರಳಿನಿಂದ ಬಾಲದ ಮೇಲೆ ಎರಡು ಹನಿ ನೀರು ತೊಟ್ಟಿಕ್ಕಿಸಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆ ಮೇಲೆ ಹುರಿಗೊಂಡಿದ್ದ ಬಾಲವು ತಾನಾಗಿ ಬಿಚ್ಚಿಕೊಳ್ಳುತ್ತ, ಬೀಜವನ್ನು ಸುತ್ತಿಸತೊಡಗಿತು.

"ಅಯ್ಯೋ ಅಜ್ಜಿ, ಹುಳ!"

"ಹುಳವಲ್ಲ ಕಣೆ, ಬೀಜ. ಕೈ ಕೊಡವಬೇಡ, ನೋಡು" ಎಂದಳು ಅಕ್ಕ. ಎಂಟು ತಿಂಗಳಿನಿಂದ ನಮ್ಮ ಮನೆಯಲ್ಲಿ ಕೇಳಿಸದಿದ್ದ ಪಾಠಶಾಲೆಯ ದನಿ ಅದು. "ಬಿಸಿಲಿಗೆ ಒಣಗಿದಾಗ ಇದು ಹಗ್ಗದಂತೆ ಹುರಿಗೊಳ್ಳುತ್ತದೆ. ರಾತ್ರಿ ಇಬ್ಬನಿ ಬಿದ್ದಾಗ ಹುರಿ ಬಿಚ್ಚುತ್ತದೆ. ಹೀಗೆ ಸುತ್ತಿ ಸುತ್ತಿ ಬೀಜ ತನ್ನನ್ನು ತಾನೇ ನೆಲಕ್ಕೆ ಕೊರೆದುಕೊಳ್ಳುತ್ತದೆ. ತುದಿಯಲ್ಲಿ ಹಿಮ್ಮುಖವಾಗಿ ರೋಮಗಳಿವೆ, ಮುಟ್ಟಿ ನೋಡು; ಒಳಕ್ಕೆ ಹೋದದ್ದು ಹೊರಕ್ಕೆ ಬಾರದು. ಇದಕ್ಕೆ ನೇಗಿಲೂ ಬೇಡ, ಕೂರಿಗೆಯೂ ಬೇಡ." ಅವಳು ಇದನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಮಗುವಿನ ಅಂಗೈಯ ಕೆಳಗೆ ತನ್ನ ಕೈಯಿಟ್ಟು, ಆ ಕಚಗುಳಿಗೆ ಮಗುವಿನ ಕೈ ನಡುಗುವುದರಿಂದಲೇ ಬೀಜ ಎಷ್ಟು ಸುತ್ತು ಸುತ್ತಿತೆಂದು ತಿಳಿಯುತ್ತಿದ್ದಳು. ಅಲ್ಲಿಂದ ಏಳಲು ನಮಗೆ ಕಾಲು ಗಂಟೆ ಹಿಡಿಯಿತು. ಒಬ್ಬೊಬ್ಬರ ಅಂಗೈಯಲ್ಲಿಯೂ ಒಂದೊಂದು ಬೀಜ ಕುಣಿಯಬೇಕೆಂದು ಮಗುವಿನ ಅಪ್ಪಣೆಯಾಗಿತ್ತು.

ಬಿಸಿಲು ಏರಿತು. ಇಬ್ಬನಿ ಆರಿ ಬಲೆಗಳು ಒಂದೊಂದಾಗಿ ಮಾಯವಾದವು. ಹಾದಿಯು ಒಂದು ಬಯಲಿಗೆ ತೆರೆದುಕೊಳ್ಳುವಲ್ಲಿ ತಣ್ಣನೆಯ ಗಾಳಿ ಬೀಸಿ, ಎದುರಿನ ಒಣಗಿಡಗಳ ನಡುವಿನಿಂದ ನೂರು ಗೆಜ್ಜೆಗಳು ಮೆಲ್ಲಗೆ ಅಲುಗಿದಂಥ ಸದ್ದಾಯಿತು. ಮೊದಲು ನಿಂತವಳು ಅಕ್ಕನೇ. "ಗಿಲಿಗಿಲಿ ಗಿಡ" ಎಂದಳು. ನಮ್ಮ ಕಡೆಯ ಮಕ್ಕಳು ಅದನ್ನು ಕರೆಯುವುದು ಹಾಗೆ. ಸೆಣಬಿನ ಜಾತಿಗೆ ಸೇರಿದ ಈ ಗಿಡದ ಕಾಯಿ ಉಬ್ಬಿದ ಚೀಲದಂತಿರುವುದು. ಒಣಗಿದ ಮೇಲೆ ಬೀಜಗಳು ಒಳಗೇ ಕಳಚಿಕೊಂಡು ಗಿಲಗಿಲ ಎನ್ನುವುವು. ಸಸ್ಯಶಾಸ್ತ್ರಜ್ಞರು ಇದರ ಕುಲಕ್ಕೆ ಇಟ್ಟಿರುವ ಕ್ರೋಟಲೇರಿಯ ಎಂಬ ಹೆಸರೂ ಗಿಲಕಿ ಎಂಬರ್ಥದ ಗ್ರೀಕ್ ಮಾತಿನಿಂದಲೇ ಬಂದುದು. ಎಲ್ಲ ದೇಶದವರ ಕಿವಿಗೂ ಅದು ಒಂದೇ ಬಗೆಯಾಗಿ ಕೇಳಿಸಿರಬೇಕು.

ಗಿಡಗಳಲ್ಲಿ ಹಳದಿಯ ಹೂ ಉದುರಿ ಹೋಗಿತ್ತು. ಕಾಂಡ ಬೂದಿಬಣ್ಣಕ್ಕೆ ತಿರುಗಿತ್ತು. ದನ ತುಳಿದು ಮುರಿದ ಒಂದು ಪೊದೆಯಂತೂ ಪೂರ್ತಿ ಸತ್ತಂತೆ ಓರೆಯಾಗಿ ಬಿದ್ದಿತ್ತು. ಅದರ ರೆಂಬೆಗಳ ತುಂಬ ಕಂದು ಎಲೆಗಳು ಒಣಗಿ ಜೋತಾಡುತ್ತಿದ್ದವು. ಅಕ್ಕ ಸದ್ದಿನ ಜಾಡು ಹಿಡಿದು ಹತ್ತಿರ ಹೋಗಿ, ಒಂದು ಕಾಯಿಯನ್ನು ಕಿತ್ತುಕೊಳ್ಳಲು ಆ ಪೊದೆಯ ಕಡೆಗೆ ಕೈ ಚಾಚಿದಳು.

ಎಲೆಗಳೆಲ್ಲ ಎದ್ದವು.

ಅವು ಎಲೆಗಳಾಗಿರಲಿಲ್ಲ. ರೆಕ್ಕೆ ಮಡಿಸಿ ಒತ್ತಾಗಿ ಕುಳಿತಿದ್ದ ಚಿಟ್ಟೆಗಳು! ಲೆಕ್ಕಕ್ಕೆ ಸಿಕ್ಕದಷ್ಟು ಚಿಟ್ಟೆಗಳು ಒಟ್ಟಿಗೆ ಮೇಲೆದ್ದು, ಅಕ್ಕನ ತಲೆಯ ಸುತ್ತ, ಭುಜದ ಸುತ್ತ, ಚಾಚಿದ ಕೈಯ ಸುತ್ತ ಸುಳಿದವು. ಮಡಿಸಿದ್ದಾಗ ಕಂದಾಗಿದ್ದ ರೆಕ್ಕೆಗಳು ಬಿಚ್ಚಿದಾಗ ಕಪ್ಪು ನೆಲದ ಮೇಲೆ ತಿಳಿನೀಲಿಯ ಗೆರೆಗಳಾಗಿ ಚುಕ್ಕೆಗಳಾಗಿ ಬಿಸಿಲಿನಲ್ಲಿ ಮಿನುಗಿದವು. ರೆಕ್ಕೆಗಳ ಗಾಳಿ ನಮ್ಮ ಕೆನ್ನೆಗೆ ಸೋಕುವಂತಿತ್ತು. ಯಾರೂ ಮಾತಾಡಲಿಲ್ಲ. ಒಂದೆರಡು ನಿಮಿಷಗಳಲ್ಲಿ ಅವು ಒಂದೊಂದಾಗಿ ಮತ್ತೆ ಆ ಸತ್ತ ಗಿಡದ ಮೇಲೆಯೇ ಬಂದು ಕುಳಿತವು. ಪಕ್ಕದಲ್ಲಿ ಇನ್ನೂ ಹಸುರಾಗಿ ನಿಂತಿದ್ದ ಅದೇ ಜಾತಿಯ ಗಿಡವನ್ನು ಅವು ಕಣ್ಣೆತ್ತಿಯೂ ನೋಡಲಿಲ್ಲ.

"ಅಜ್ಜಿ, ಎಷ್ಟೊಂದು ನೀಲಿ!" ಎಂದಳು ಮಗು.

"ನೀಲಿಯೇ?" ಎಂದಳು ಅಕ್ಕ.

"ಹೌದು ಅಜ್ಜಿ, ಆಕಾಶದ ಹಾಗೆ."

ಅಕ್ಕ ನಮ್ಮ ಕಡೆಗೆ ತಿರುಗಿದಳು. "ನಿಜವೇನೋ? ನನಗೆ ಕಂದಾಗಿಯೇ ಕಾಣುತ್ತಿವೆ. ಕಂದು ಎಲೆ ಹಾರಿದ ಹಾಗೆ."

ವೈದ್ಯರು ಹಿಂದೊಮ್ಮೆ ವಿವರಿಸಿದ್ದುದು ನಮಗೆ ನೆನಪಿತ್ತು. ವಯಸ್ಸಾದಂತೆ ಕಣ್ಣಿನ ಮಸೂರವು ಹಳದಿಗೆ, ಆ ಮೇಲೆ ಕಂದಿಗೆ ತಿರುಗುವುದು. ಆ ಗಾಜಿನ ಮೂಲಕ ಕೆಂಪೂ ಹಳದಿಯೂ ಬಂದಷ್ಟು ಸುಲಭವಾಗಿ ನೀಲಿ ಬಾರದು. ಬಣ್ಣ ಮೆಲ್ಲಮೆಲ್ಲಗೆ ಹೋಗುವುದರಿಂದ ಹೋದುದು ತಿಳಿಯುವುದೂ ಇಲ್ಲ. ಇದನ್ನು ನಾವು ಹೇಳಿದಾಗ ಅಕ್ಕ ಆಕಾಶದ ಕಡೆಗೆ ಮುಖವೆತ್ತಿದಳು. ಬಹಳ ಹೊತ್ತು ಹಾಗೆಯೇ ನಿಂತಿದ್ದಳು. "ಇದೂ ನೀಲಿಯಾಗಿದೆಯೇ ಈಗ?" ಎಂದು ಕೇಳಿದಳು. ಹೌದೆಂದೆವು. ಮತ್ತೇನೂ ಹೇಳಲಿಲ್ಲ.

ಅಲ್ಲಿಯೇ ಒಂದು ಮರದ ನೆರಳಿನಲ್ಲಿ ಕುಳಿತು, ತಂದಿದ್ದ ಅವಲಕ್ಕಿಯನ್ನು ತಿಂದೆವು. ಚಿಟ್ಟೆಗಳು ನಮ್ಮನ್ನು ಗಮನಿಸದೆ ತಮ್ಮ ಕೆಲಸದಲ್ಲಿ ತೊಡಗಿದ್ದವು. ಆ ಕೆಲಸ ವಿಚಿತ್ರವಾದುದು. ಇಂಗ್ಲಿಷಿನಲ್ಲಿ ಬ್ಲೂ ಟೈಗರ್, ಎಂದರೆ ನೀಲಿ ಹುಲಿ, ಎಂದು ಹೆಸರು ಪಡೆದ ಚಿಟ್ಟೆಗಳಿವು. ಮುಂಗಾರಿಗೆ ಮೊದಲು, ಏಪ್ರಿಲಿನಿಂದ ಜೂನಿನ ನಡುವೆ, ಪಶ್ಚಿಮಘಟ್ಟದ ಕಾಡುಗಳಿಂದ ಹಿಂಡುಹಿಂಡಾಗಿ ಮೂಡಲ ಬಯಲಿಗೆ ಬರುವುವು. ಇಲ್ಲಿ ಮೊಟ್ಟೆಯಿಟ್ಟು ಬೆಳೆದ ಅವುಗಳ ಸಂತತಿಯು ಅಕ್ಟೋಬರ್ ನವೆಂಬರುಗಳಲ್ಲಿ ಪಡುವಲಿಗೆ ಹಿಂದಿರುಗುವುದು. ತಾವು ಎಂದೂ ಕಾಣದ ತವರಿಗೆ ಮರಳುವ ಮಕ್ಕಳು ಎನ್ನಬಹುದು. ಗಿಲಿಗಿಲಿ ಗಿಡದಲ್ಲಿ ಅವು ಅರಸಿ ಬರುವುದು ಜೇನನ್ನಲ್ಲ. ಆ ಗಿಡದಲ್ಲಿ ಕಹಿಯಾದ ಒಂದು ಕ್ಷಾರದ್ರವ್ಯವಿರುವುದು. ದನಕರುಗಳಿಗೆ ಅದು ವಿಷ. ಗಿಡ ಬಾಡಿದಾಗ, ಮುರಿದಾಗ, ಒಣಗಿದಾಗ ಆ ದ್ರವ್ಯವು ಚಿಟ್ಟೆಗಳಿಗೆ ಎಟುಕುವುದು. ಸೊಂಡಿಲಿನಿಂದ ತಮ್ಮದೇ ಹನಿಯನ್ನು ಒಣ ಕಾಂಡದ ಮೇಲೆ ಸುರಿಸಿ, ದ್ರವ್ಯವನ್ನು ಕರಗಿಸಿ, ಮತ್ತೆ ಹೀರಿಕೊಳ್ಳುವುವು. ಹೀಗೆ ಮಾಡುವವು ಹೆಚ್ಚಾಗಿ ಗಂಡುಗಳು. ಹೆಣ್ಣನ್ನು ಒಲಿಸುವ ಪರಿಮಳವನ್ನು ಅವು ಇದರಿಂದಲೇ ಮಾಡಿಕೊಳ್ಳುವುವು. ಮೈಯಲ್ಲಿ ಸೇರಿದ ಈ ಕಹಿಯು ಅವುಗಳಿಗೆ ಕವಚವೂ ಆಗುವುದು. ಒಮ್ಮೆ ರುಚಿ ನೋಡಿದ ಹಕ್ಕಿ ಮತ್ತೊಮ್ಮೆ ಅವುಗಳ ಗೊಡವೆಗೆ ಬಾರದು.

ಇದನ್ನೆಲ್ಲ ಕೇಳಿದ ನಮ್ಮ ಮನೆಯವರು, "ನೋಡಿ ಅತ್ತಿಗೆ, ಒಣಗಿಹೋಯಿತು ಎಂದುಕೊಂಡ ಗಿಡಕ್ಕೇ ಇಷ್ಟು ಬಳಗ" ಎಂದರು. ಅವರ ಮಾತಿನ ಹಿಂದಿನ ಮಾತು ಅಕ್ಕನಿಗೆ ಅರ್ಥವಾಗದೆ ಇರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠ ಹೇಳಿದವಳಿಗೆ ನೀತಿಪಾಠ ಹೇಳುವುದು ಸುಲಭವೇ? "ಗಿಡವನ್ನು ಯಾರಾದರೂ ಕೇಳಿದರೇನಮ್ಮ?" ಎಂದಳು ನಗುತ್ತ. "ಅದಕ್ಕೆ ಒಣಗುವುದೊಂದು ಗೊತ್ತು. ಬಳಗ ತಾನಾಗಿ ಬರುತ್ತದೆ, ಹೋಗುತ್ತದೆ." ಸ್ವಲ್ಪ ತಡೆದು, "ಆದರೂ ಕಂದು ಎಂದುಕೊಂಡೇ ಹೋಗಿಬಿಡುತ್ತಿದ್ದೆನಲ್ಲ" ಎಂದಳು. ಅದು ಯಾರಿಗೆ ಹೇಳಿದ ಮಾತೋ ನಾವು ಕೇಳಲಿಲ್ಲ. ಹಿಂದಿರುಗುವಾಗ ಮಗು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು; ಅವಳ ಮುಷ್ಟಿಯಲ್ಲಿದ್ದ ಒಂದು ಒಣಗಾಯಿ ದಾರಿಯುದ್ದಕ್ಕೂ ಗಿಲಗಿಲ ಎನ್ನುತ್ತಿತ್ತು.

ನಾವು ಏನನ್ನೂ ಒತ್ತಾಯಿಸಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕುಳಿತಾಗ, ಸಾರು ಬಡಿಸಿಕೊಳ್ಳುತ್ತ ಅಕ್ಕ ಕೇಳಿದಳು: "ಆ ಡಾಕ್ಟರು ಯಾವ ಯಾವ ವಾರ ಸಿಗುತ್ತಾರೆ ಎಂದಿದ್ದೆ?"

ಮಾರ್ಗಶಿರದ ಮೊದಲ ಪಕ್ಷದಲ್ಲಿ ಬಲಗಣ್ಣಿನ ಪೊರೆಯನ್ನು ತೆಗೆದರು. ಬೆಳಗ್ಗೆ ಹೋದವಳು ಮಧ್ಯಾಹ್ನಕ್ಕೆ ಮನೆಗೆ ಬಂದಳು. ಮಾರನೆಯ ದಿನ ಕಟ್ಟು ಬಿಚ್ಚಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದವಳು, ಕನ್ನಡಕವನ್ನು ತೆಗೆದು ಒಂದು ನಿಮಿಷ ಅಡಿಗೆಮನೆಯ ಬಾಗಿಲಿನಲ್ಲಿ ನಿಂತಳು. ನಮ್ಮ ಮನೆಯವರು ಹಾಲು ಕಾಯಿಸುತ್ತಿದ್ದರು. ಅಕ್ಕ ಅನಿಲದ ಒಲೆಯ ಉರಿಯನ್ನು ನೋಡಿ, "ಇದು ಇಷ್ಟು ನೀಲಿಯಾಗಿತ್ತೇ?" ಎಂದಳು. ಹಾಲು ಉಕ್ಕುವವರೆಗೂ ಇಬ್ಬರೂ ಅದನ್ನು ನೋಡುತ್ತ ನಿಂತಿದ್ದರಂತೆ. ನಾವು ಓಡಿಬಂದುದು ಹಾಲು ಸೀದ ವಾಸನೆಗೆ.

ಭಾವನವರ ದನಿಯ ಮಾತು ಉಳಿಯಿತು. ವೈದ್ಯರು ಓದಬಹುದೆಂದು ಹೇಳಿದ ಮೇಲೂ ಅಕ್ಕ ಕೆಲವು ದಿನ ಯಾವ ಪುಸ್ತಕವನ್ನೂ ಮುಟ್ಟಲಿಲ್ಲ. ಆ ಮೇಲೆ ಒಂದು ಸಂಜೆ ದೀಪ ಹಚ್ಚಿದ ಹೊತ್ತಿನಲ್ಲಿ, ತನ್ನ ಪೆಟ್ಟಿಗೆಯಿಂದ ಹೋದ ಮಾಘದ ಒಂದು ಮಾಸಪತ್ರಿಕೆಯನ್ನು ತೆಗೆದಳು. ಅದರ ನಡುವೆ ಭಾವನವರು ಓದಿ ನಿಲ್ಲಿಸಿದ ಪುಟದಲ್ಲಿ ಬಸ್ಸಿನ ಒಂದು ಚೀಟಿ ಗುರುತಾಗಿ ಇತ್ತು. ಮಗುವನ್ನು ಹತ್ತಿರ ಕೂರಿಸಿಕೊಂಡು, ಅಲ್ಲಿಂದ ಮುಂದಕ್ಕೆ ಅವಳು ಗಟ್ಟಿಯಾಗಿ ಓದತೊಡಗಿದಳು. ಪ್ರತಿ ವಾಕ್ಯದ ಕೊನೆಯಲ್ಲಿ ಕೊಂಚ ನಿಲ್ಲುವುದು ಭಾವನವರ ಪದ್ಧತಿ. ಅಕ್ಕನೂ ಹಾಗೆಯೇ ನಿಲ್ಲುತ್ತಿದ್ದಳು. ಆ ದಿನದಿಂದ ನಮ್ಮ ಮನೆಯಲ್ಲಿ ಸಂಜೆಯ ಓದು ಪುನಃ ಆರಂಭವಾಗಿದೆ. ಎಡಗಣ್ಣಿನ ಶಸ್ತ್ರಕ್ರಿಯೆಗೂ ದಿನ ಗೊತ್ತಾಗಿದೆ.

ವಾಚಕ ಮಹಾಶಯರಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಕಾರ್ತಿಕದ ಕಡೆಯಲ್ಲಿ ಒಂದು ಬೆಳಗ್ಗೆ ಮನೆಮಂದಿಯೆಲ್ಲ ಹೊರಡಿ. ದೂರದ ದುರ್ಗವೇ ಆಗಬೇಕೆಂದಿಲ್ಲ. ಊರಾಚೆಯ ಕೆರೆಯ ಏರಿ, ಹೊಲದ ಬದು, ಖಾಲಿ ನಿವೇಶನದ ಮೂಲೆಯಾದರೂ ಸಾಕು. ಸೂರ್ಯ ಹುಟ್ಟುವ ಮೊದಲೇ ಹೋದರೆ ಬಲೆಗಳ ಮೇಲಿನ ಇಬ್ಬನಿ ಕಾಣುವುದು. ಎಂಟು ಒಂಬತ್ತರವರೆಗೆ ಇದ್ದರೆ ಚಿಟ್ಟೆಗಳು ಸಿಕ್ಕಬಹುದು. ಬಟ್ಟೆಗೆ ಚುಚ್ಚಿದ ಹುಲ್ಲಿನ ಬೀಜವನ್ನು ಕಿತ್ತೆಸೆಯುವ ಮೊದಲು ಮಕ್ಕಳ ಅಂಗೈಯಲ್ಲಿಟ್ಟು ಎರಡು ಹನಿ ನೀರು ಹಾಕಿ. ಗಿಲಿಗಿಲಿ ಕಾಯಿಯನ್ನು ಆಡಲು ಕೊಟ್ಟರೂ ಬೀಜವನ್ನು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಹಿತ್ತಿಲಿನಲ್ಲಿ ಒಣಗಿದ ಗಿಡಗಂಟೆಗಳಿದ್ದರೆ ದೀಪಾವಳಿಯ ಮರುದಿನವೇ ಗುಡಿಸಿ ಬೆಂಕಿಯಿಡದೆ, ಒಂದು ಮೂಲೆಯನ್ನು ಸಂಕ್ರಾಂತಿಯವರೆಗೆ ಹಾಗೆಯೇ ಬಿಡಿ. ಅದರಿಂದ ಮನೆಯ ಶೋಭೆ ಕೆಡುವುದಿಲ್ಲ.

ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಕಾಣುವುದಿಲ್ಲವೆಂದು ಅವರು ಹೇಳಬಹುದು. ಕೈ ಹಿಡಿದು ನಡೆಸುವ ಮಗುವೊಂದು ಜೊತೆಗಿದ್ದರೆ, ಏನೇನು ಕಾಣುತ್ತಿದೆಯೆಂಬುದನ್ನು ಅದೇ ಹೇಳುತ್ತ ಹೋಗುವುದು.